ಒಂಬತ್ತನೆಯ ಮೆಟ್ಟಿಲು

ಪ್ರತಿ ಶನಿವಾರ ಬೆಳಿಗ್ಗೆ ಮುದುಕ ಚರ್ಚಿನ ಗೋಪುರ ಹತ್ತಿ ಗಂಟೆಯ ಕೀಲಿಗೆ ಎಣ್ಣೆ ಬಿಡುತ್ತಿದ್ದ. ಇಳಿಯುವ ಮುಂಚೆ ಒಂದೇ ಒಂದು ಸಲ ಗಂಟೆ ಬಾರಿಸುತ್ತಿದ್ದ. ಅದು ಸಭೆಗಲ್ಲ, ಎದುರು ಮನೆಯಲ್ಲಿದ್ದ ಹೆಂಡತಿಗೆ: ಚಹಾಕ್ಕೆ ನೀರಿಡು ಎಂದು. ಆ ಶನಿವಾರ ಗಂಟೆ ಕೇಳಲಿಲ್ಲ. ಮುದುಕಿ ಪಾತ್ರೆ ಹಿಡಿದು ನಿಂತೇ ಇದ್ದಳು. ಚರ್ಚಿನ ಮರಗೆಲಸ ನೋಡಿಕೊಳ್ಳುತ್ತಿದ್ದ ಬಡಗಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಅಕ್ಕಾ, ಭಾವ ಏಣಿಯಿಂದ ಬಿದ್ದುಬಿಟ್ರು."

ಅವಳ ಕೈಯಿಂದ ಪಾತ್ರೆ ತೆಗೆದು ಕೆಳಗಿಟ್ಟ.

ಶವಪೆಟ್ಟಿಗೆಯನ್ನೂ ಅವನೇ ಮಾಡಿದ. ಕೂದಲು ತೂರದ ಹಾಗೆ ಹಲಗೆ ಕೂಡಿಸಿದ್ದ. ಸಭೆಯ ಮೂವತ್ತು ಮಂದಿಯೂ ಹೊಗಳಿದರು.

ಮಣ್ಣು ಮಾಡಿದ ಮೂರನೆಯ ದಿನ ಮುದುಕಿ ಗೋಪುರದೊಳಕ್ಕೆ ಹೋದಳು. ಬೀಳುವಾಗ ಮುದುಕ ಹಿಡಿದು ಕಿತ್ತ ಗಂಟೆಯ ಹಗ್ಗ, ಪಕ್ಕದಲ್ಲಿ ಏಣಿಯ ಮುರಿದ ಒಂಬತ್ತನೆಯ ಮೆಟ್ಟಿಲು. ಎರಡು ತಿಂಗಳ ಹಿಂದಷ್ಟೇ ಬಡಗಿ ಆ ಏಣಿ ರಿಪೇರಿ ಮಾಡಿ, ಆನೆ ಹತ್ತಿದರೂ ಅಲ್ಲಾಡುವುದಿಲ್ಲ ಎಂದಿದ್ದ. ಮುದುಕಿ ಉಗುರಿನಿಂದ ಕೆರೆದಳು. ಬಣ್ಣದ ಕೆಳಗೆ ಮೇಣ. ಮೇಣದ ಕೆಳಗೆ ಹುಳು ತಿಂದ ಪುಡಿ. ಗರಗಸಕ್ಕೆ ಸವರಬೇಕೆಂದು ಹೇಳಿ ಅವಳ ಕೈಯಿಂದಲೇ ಅವನು ಇಸಿದುಕೊಂಡು ಹೋಗಿದ್ದ ಮೇಣದಬತ್ತಿಯ ತುಂಡುಗಳು!

ಅವಳು ಯಾರಿಗೂ ಹೇಳಲಿಲ್ಲ. ಮೆಟ್ಟಿಲನ್ನು ಗಂಡನ ಟವೆಲಿನಲ್ಲಿ ಸುತ್ತಿ ದಿಂಬಿನ ಕೆಳಗಿಟ್ಟಳು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳುದ್ದಕ್ಕೂ ತುಟಿ ಕ್ಷಮೆಯ ಪ್ರಾರ್ಥನೆ ಹೇಳಿತು. ಕೈ ಮಾತ್ರ ಆ ಮರದ ಮೇಲೆಯೇ ಇತ್ತು.

ಈಸ್ಟರ್ ಬೆಳಿಗ್ಗೆ ಪಾದ್ರಿಗಳು "ಕ್ರಿಸ್ತನು ಎದ್ದಿದ್ದಾನೆ!" ಎಂದರು. ಸಭೆ "ನಿಜವಾಗಿಯೂ ಎದ್ದಿದ್ದಾನೆ!" ಎಂದಿತು. ಆಗ ಗಂಟೆ ಮೊಳಗಬೇಕು.

"ಹಗ್ಗ ಇಲ್ಲ. ಈ ವರ್ಷ ಹಾಗೇ ನಡೀಲಿ," ಎಂದರು ಪಾದ್ರಿಗಳು.

ಮುದುಕಿ ಎದ್ದಳು. "ಯಾಕೆ ಪಾದ್ರಿಗಳೇ? ಹಗ್ಗ ಕಟ್ಟೋಕೆ ನಮ್ಮ ಬಡಗಿ ಇಲ್ವಾ? ಏಣಿ ಅವನದೇ ಕೈಕೆಲಸ."

"ಹೊಸದು ಮಾಡ್ತಿದೀನಿ ಅಕ್ಕಾ, ಇನ್ನೊಂದು ವಾರ..."

"ಹಳೇದಕ್ಕೇನಾಗಿದೆ? ಒಂದೇ ಮೆಟ್ಟಿಲು ತಾನೆ ಹೋಗಿರೋದು? ನೀನೇನು ಆನೆಗಿಂತ ಭಾರಾನಾ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳ ಮುಖ ಕಂಡು ನಗು ನುಂಗಿದರು. ಅವಳು ಟವೆಲು ಬಿಚ್ಚಿ ಮೆಟ್ಟಿಲನ್ನು ಬಡಗಿಯ ಮಡಿಲಿಗೆ ಹಾಕಿದಳು.

"ಪೆಟ್ಟಿಗೆಗೆ ಒಳ್ಳೆ ಮರ ಸಿಕ್ತು. ಏಣಿಗೆ ಸಿಗಲಿಲ್ಲ, ಅಲ್ವೇನೋ?"

ಅವನ ಬೆರಳಿಗೆ ಮೇಣ ಉದುರಿತು. "ಗೊತ್ತಿತ್ತು," ಎಂದ, ಎಲ್ಲರಿಗೂ ಕೇಳುವಂತೆ. "ಹುಳು ಬಿದ್ದಿತ್ತು. ಹಬ್ಬದೊಳಗೆ ಬದಲಾಯಿಸಿದ್ರಾಯ್ತು ಅಂದ್ಕೊಂಡೆ."

ಪಾದ್ರಿಗಳು ತಡೆದರು. ಅವನು ನಿಲ್ಲಲಿಲ್ಲ, ಕಿತ್ತುಬಿದ್ದಿದ್ದ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಗೋಪುರದ ಏಣಿ ಹತ್ತಿದ. ಮುದುಕಿ ಬುಡದಲ್ಲಿ ನಿಂತು ಎಣಿಸಿದಳು. ಮರ ಕಿರುಗುಟ್ಟಿದಾಗಲೆಲ್ಲ ಅವಳಿಗೆ ಹಿತವೆನಿಸಿತು. ಎಂಟನೆಯದರ ಮೇಲೆ ಅವನು ನಿಂತು ಕೆಳಗೆ ನೋಡಿದ.

"ಅಕ್ಕಾ..."

ಇಳಿ ಎಂದರೆ ಸಾಕಿತ್ತು.

"ಹತ್ತು," ಎಂದಳು.

ಅವನು ಕಣ್ಣು ಮುಚ್ಚಿ ಬರಿಜಾಗ ದಾಟಿದ. ಏಣಿ ಮುರಿಯಲಿಲ್ಲ. ಹಗ್ಗ ಕಟ್ಟಿ, ಗಂಟೆಯನ್ನು ಕೈಯಿಂದ ತಳ್ಳಿದ. ಒಂದೇ ಒಂದು ಸಲ.

ಮುದುಕಿಯ ಕೈ ತಾನಾಗಿ ಮುಂದೆ ಚಾಚಿತು, ಪಾತ್ರೆಗೆಂಬಂತೆ. ಅಲ್ಲಿ ಏನೂ ಇರಲಿಲ್ಲ. ಅವಳು ಕೈ ಜೋಡಿಸಿದಳು.

"ಕರ್ತನೇ, ಇವನನ್ನು ಕ್ಷಮಿಸುವ ಮಾತು ನನ್ನ ಬಾಯಿಗೆ ಇನ್ನೂ ಬಂದಿಲ್ಲ, ಅದನ್ನು ನೀನೇ ನೋಡಿಕೊ. ನಮ್ಮ ಯಜಮಾನರಿಗೆ ನಿನ್ನಲ್ಲಿ ವಿಶ್ರಾಂತಿ ಕೊಡು. ಅಲ್ಲಿ ಹತ್ತುವ ಇಳಿಯುವ ಕೆಲಸ ಅವರಿಗೆ ಹೇಳಬೇಡ, ಮಂಡಿ ನೋವು. ನೆಮ್ಮದಿಯಾಗಿ ಮಲಗಲಿ. ಆಮೆನ್."