ನೂರಿಯ ಬೆನ್ನು

ಹತ್ತಿ ತಾಗಿದ್ದೇ ತಡ, ನೂರಿಯ ಬೆನ್ನಿನ ಚರ್ಮ ಅಲುಗಿ ನಡುಗಿತು. ರಹಮತುಲ್ಲಾ ಕೈ ತಡೆದು, ನಡುಕ ನಿಲ್ಲುವವರೆಗೆ ಕಾದು, ಹತ್ತಿಯನ್ನು ಮತ್ತೆ ನೇರಳೆ ಔಷಧಿಯಲ್ಲಿ ಅದ್ದಿದ. ಮೊದಲು ಬೆಚ್ಚಗಿನ ಉಪ್ಪುನೀರಿನಲ್ಲಿ ಹುಣ್ಣು ತೊಳೆಯಬೇಕು, ಬಟ್ಟೆ ಒತ್ತಿ ಒಣಗಿಸಬೇಕು, ಉಜ್ಜಬಾರದು. ಆಮೇಲೆ ಹುಣ್ಣಿನ ಮೇಲೆ ಈ ನೇರಳೆ ಔಷಧಿ, ಸುತ್ತ ಕೂದಲು ಉದುರಿದ ಕಡೆ ಬಿಳಿ ಮುಲಾಮು. ಹೆಬ್ಬಾಳದ ಪಶು ಆಸ್ಪತ್ರೆಯ ಡಾಕ್ಟರು ಪದ್ಮಶ್ರೀ ಹೀಗೆ ಹೇಳಿ ಕಳಿಸಿದ್ದರು, ಅವನು ಹಾಗೆಯೇ ಮಾಡುತ್ತಿದ್ದ. ಹೇಳಿದ್ದನ್ನು ಮಾಡುವುದು ಈಗ ಅವನಿಗೆ ಕಷ್ಟವಾಗುತ್ತಿರಲಿಲ್ಲ. ಊಟ ಮಾಡು ಎಂದರೆ ಮಾಡುತ್ತಿದ್ದ, ಮಲಗು ಎಂದರೆ ಹೋಗಿ ಮಲಗುತ್ತಿದ್ದ.

ನೂರಿ ಬಿಳಿ ಕುದುರೆ. ಅಲ್ಲಾಳಸಂದ್ರ ಕೆರೆಯ ಹಿಂದಿನ ಗಲ್ಲಿಯಲ್ಲಿ, ಮನೆಗೆ ಅಂಟಿಕೊಂಡ ತಗಡಿನ ಕೊಟ್ಟಿಗೆಯಲ್ಲಿ ಅದನ್ನು ಮದುವೆ ಮೆರವಣಿಗೆಗೆಂದೇ ಸಾಕಿದ್ದರು. ಗಂಡನ್ನು ಕೂರಿಸಿಕೊಂಡು ಛತ್ರದ ಬಾಗಿಲವರೆಗೆ ನಡೆಯುವುದು ಅದರ ಕೆಲಸ. ಅದನ್ನು ತೊಳೆದು, ಬಾಚಿ, ಜರಿಯ ಬಟ್ಟೆ ಹೊದಿಸಿ, ಜೊತೆಗೆ ನಡೆಯುತ್ತಿದ್ದವನು ಮಗ ಸರ್ಫರಾಜ್. ರಂಜಾನ್ ಮುಗಿದ ಮೇಲಿನ ಮೊದಲ ಮದುವೆಗೆ ಚಿಕ್ಕಜಾಲಕ್ಕೆ ಹೋಗಿದ್ದ. ನೂರಿಯನ್ನು ಗಾಡಿಗೆ ಹತ್ತಿಸಿ ಕಳಿಸಿ, ತಾನು ಬೈಕಿನಲ್ಲಿ ಹಿಂದೆ ಹೊರಟವನು ಏರ್‌ಪೋರ್ಟ್ ರಸ್ತೆಯಲ್ಲೇ ಉಳಿದುಬಿಟ್ಟ. ಕುದುರೆ ಮನೆಗೆ ಬಂತು.

ಆಮೇಲೆ ಜಕ್ಕೂರಿನ ಒಂದು ಮದುವೆಗೆ ರಹಮತುಲ್ಲಾ ತಾನೇ ಹೋಗಿದ್ದ. ಜೀನಿನ ಅಡಿಯ ಕಂಬಳಿ ಮಡಿಕೆ ಬಿದ್ದದ್ದು ಅವನಿಗೆ ಕಾಣಿಸಲಿಲ್ಲ. ನೂರಿ ಮೆರವಣಿಗೆಯುದ್ದಕ್ಕೂ ಕತ್ತು ಕೊಡವುತ್ತಿತ್ತು. ಅದೂ ಕಾಣಿಸಲಿಲ್ಲ. ಜೀನು ಇಳಿಸಿದಾಗ ಚರ್ಮ ಕಂಬಳಿಗೆ ಅಂಟಿಕೊಂಡು ಬಂತು. ಅದನ್ನು ನೋಡಿದ ಮೇಲೂ ಎದೆಯೊಳಗೆ ಏನೂ ಆಗದಿದ್ದದ್ದನ್ನು ಅವನು ಗಮನಿಸಿದ. ಕಂಬಳಿ ಒಗೆಯಲು ಹಾಕಿದ, ಅಷ್ಟೆ. ನೊಣ ಮುತ್ತಿ, ಹುಣ್ಣು ನಾರತೊಡಗಿದ ಮೇಲೆ ಹೆಂಡತಿ ರೆಹಾನಾ ಹೇಳಿದಳು, ಆಸ್ಪತ್ರೆಗೆ ಹೋದ.

"ಯಾವಾಗಿನಿಂದ ಇದೆ ಇದು?" ಎಂದು ಕೇಳಿದ್ದರು ಪದ್ಮಶ್ರೀ.

ಅವನಿಗೆ ನೆನಪಾಗಲಿಲ್ಲ.

"ನೋಡ್ಕೊಳ್ಳೋರು ಯಾರ್ರೀ ಇದನ್ನ?"

"ನಾನೇ ಮೇಡಂ."

"ಹೊಸ ಚರ್ಮ ಕೂಡೋವರ್ಗೂ ಜೀನು ಹಾಕೋ ಹಾಗಿಲ್ಲ. ಮದ್ವೆ ಸೀಸನ್ ಅಂತ ಎಳ್ಕೊಂಡು ಹೋದ್ರೆ ಮತ್ತೆ ಒಡ್ದುಕೊಳ್ಳುತ್ತೆ. ಗೊತ್ತಾಯ್ತಾ?"

"ಹ್ಞೂಂ ಮೇಡಂ."

ನೇರಳೆ ಬಣ್ಣ ಬಿಳಿ ಕುದುರೆಯ ಮೇಲೆ ದೂರಕ್ಕೂ ಎದ್ದು ಕಾಣುತ್ತಿತ್ತು. ಅವನ ಬೆರಳುಗಳಿಗೂ ಅಂಟಿ, ಸೋಪಿಗೆ ಹೋಗದೆ ಕೂತಿತ್ತು. ಮಸೀದಿಯಲ್ಲಿ ಪಕ್ಕದವರು ಅವನ ಕೈ ನೋಡುತ್ತಿದ್ದರು, ಏನೆಂದು ಕೇಳುತ್ತಿರಲಿಲ್ಲ. ಮಗನನ್ನು ಕಳೆದುಕೊಂಡವನನ್ನು ಏನು ಕೇಳುವುದಕ್ಕೂ ಜನ ಹಿಂಜರಿಯುತ್ತಿದ್ದರು.

ಕೇಳುತ್ತಿದ್ದವರು ಫೋನಿನಲ್ಲಿ ಮಾತ್ರ. ಸರ್ಫರಾಜನ ಫೋನ್ ಅವನ ಜೇಬಿನಲ್ಲೇ ಇರುತ್ತಿತ್ತು. ಕುದುರೆ ಬೇಕಾದವರು ಅದಕ್ಕೇ ಮಾಡುತ್ತಿದ್ದರು. "ಸರ್ಫರಾಜ್ ಅವ್ರಾ?" ಎಂದರೆ ಅವನು "ಹೇಳಿ" ಎನ್ನುತ್ತಿದ್ದ. ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಹೇಳುತ್ತಿರಲಿಲ್ಲ. ಹೊಸಬರಿಗೆ ಕುದುರೆಗೆ ಹುಷಾರಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅಟ್ಟೂರಿನ ರಘುನಾಥ್ ಮಾಡಿದಾಗ ಹಾಗಾಗಲಿಲ್ಲ.

"ಗುರು, ನಮ್ಮಣ್ಣನ ಮಗ ನಾಗೇಶಂದು ಮದ್ವೆ, ನೆನಪಿದೆ ತಾನೆ? ನೀನೇ ಮಾತು ಕೊಟ್ಟಿದ್ದೆ. ಶನಿವಾರ ಸಂಜೆ ವರಪೂಜೆ. ಆಂಜನೇಯನ ಗುಡಿಯಿಂದ ಛತ್ರಕ್ಕೆ. ಕೈ ಕೊಡ್ಬೇಡ."

"ಬರ್ತೀನಿ" ಎಂದ ರಹಮತುಲ್ಲಾ.

ಶನಿವಾರ ಮಧ್ಯಾಹ್ನ ಅವನು ಜೀನು ತೆಗೆದದ್ದು ಕಂಡು ರೆಹಾನಾ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಮಗ ಹೋದ ಮೇಲೆ ಅವಳು ಆ ಹೊಸ್ತಿಲು ದಾಟಿರಲಿಲ್ಲ.

"ನಕ್ಕೋ ಜಾವ್ ಜೀ" ಎಂದಳು, ಬೇಡ, ಹೋಗಬೇಡಿ ಎಂದು. "ಬೆನ್ನು ಇನ್ನೂ ಹಸಿ ಇದೆ."

"ಅವನು ಮಾತು ಕೊಟ್ಟಿದ್ದಾನೆ."

"ಫೋನ್ ಮಾಡಿ ಹೇಳಿಬಿಡಿ."

"ಏನಂತ ಹೇಳಲಿ?"

ಅವನು ಹುಣ್ಣಿನ ಮೇಲೆ ಮೆತ್ತನೆಯ ಹಳೇ ದುಪಟ್ಟಾ ಹಾಸಿ, ಅದರ ಮೇಲೆ ಕಂಬಳಿ, ಜೀನು, ಕೊನೆಗೆ ಕೆಂಪು ಮಖಮಲ್ಲಿನ ಬಟ್ಟೆ ಹಾಸಿದ. ನೇರಳೆ ಬಣ್ಣ ಎಲ್ಲೂ ಕಾಣಲಿಲ್ಲ. ಹೊಟ್ಟೆಯ ಸುತ್ತ ಜೀನು ಬಿಗಿಯುವ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಅಲ್ಲಿ ಹೋಗಿ ಎಳೆದರಾಯಿತು ಎಂದುಕೊಂಡು ಲಗಾಮು ಹಿಡಿದು ಹೊರಟ. ನ್ಯೂ ಟೌನಿನ ರಸ್ತೆಯುದ್ದಕ್ಕೂ ನೂರಿ ತಲೆ ತಗ್ಗಿಸಿಕೊಂಡೇ ನಡೆಯಿತು.

ಗುಡಿಯ ಮುಂದೆ ತಮಟೆ, ವಾಲಗ ಎರಡೂ ಇದ್ದವು. ನಾಗೇಶ ಪೇಟ ಸುತ್ತಿಕೊಂಡು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವನ ತಾತ ಚಿಕ್ಕಹನುಮಯ್ಯ ಕೋಲೂರಿಕೊಂಡು ನೇರ ಕುದುರೆಯ ಬಳಿಗೇ ಬಂದರು. ಲೇಔಟು ಆಗುವ ಮೊದಲು ಅಟ್ಟೂರಿನಲ್ಲಿ ಹೊಲ ಉತ್ತವರು. ಬಿಳಿ ಪಂಚೆಯ ಮೇಲೆ ಹೊಸ ರೇಷ್ಮೆ ಶಲ್ಯವನ್ನು ಯಾರೋ ಹೊದಿಸಿದ್ದರು, ಅದು ಜಾರುತ್ತಲೇ ಇತ್ತು.

"ಸಾಬ್ರೇ, ಎಲ್ಲಿ ನಿಮ್ ಉಡ್ಗ?" ಎಂದರು. "ಕುದ್ರೆ ಗೊತ್ತು ಮಾಡಾಕೆ ಮನೇಗ್ ಬಂದಿದ್ನಲ್ಲ. ನಮ್ ಜತೆ ಕೂತ್ಕಂಡು ಮುದ್ದೆ ಉಂಡು ಓದ. ಬರ್ಲಿಲ್ವಾ?"

ರಹಮತುಲ್ಲಾ ಪಟ್ಟಿ ಎಳೆಯಲು ಬಗ್ಗಿದ. ತಮಟೆಯವರು ಜೋರು ಮಾಡಿದರು. ರಘುನಾಥ್ "ಹತ್ತಿಸ್ರೀ, ಹತ್ತಿಸ್ರೀ, ಹೊತ್ತಾಯ್ತು" ಎಂದು ಕೂಗುತ್ತಿದ್ದ. ಪಟ್ಟಿ ಕೈಯಲ್ಲಿತ್ತು. ಒಂದು ಸಲ ಎಳೆದು ಕೊಕ್ಕೆಗೆ ಸಿಕ್ಕಿಸಿದರೆ ಕೆಲಸ ಮುಗಿಯುತ್ತಿತ್ತು. ಅವನು ಅದನ್ನು ಬಿಚ್ಚಿದ. ಯಾಕೆಂದು ಆಮೇಲೆ ಕೇಳಿದ್ದರೆ ಅವನಿಗೇ ಹೇಳಲಾಗುತ್ತಿರಲಿಲ್ಲ. ಮಖಮಲ್ಲಿನ ಬಟ್ಟೆ ತೆಗೆದ, ಜೀನು ಇಳಿಸಿ ನೆಲಕ್ಕಿಟ್ಟ, ಕಂಬಳಿ ತೆಗೆದ, ದುಪಟ್ಟಾವನ್ನು ಅಂಚಿನಿಂದ ಮೆಲ್ಲಗೆ ಬಿಡಿಸಿದ.

"ಏನ್ರೀ ಇದು? ಬಣ್ಣ ಗಿಣ್ಣ ಚೆಲ್ಲಿದ್ಯಾ?" ರಘುನಾಥ್ ಹತ್ತಿರ ಬಂದು, ಮೂಗಿಗೆ ಕರ್ಚೀಫು ಹಿಡಿದ. "ಹುಣ್ಣು! ಇದನ್ನ ಮದ್ವೆಗೆ ತಂದಿದ್ದೀರಲ್ರೀ? ಸರ್ಫರಾಜ್‌ಗೆ ಫೋನ್ ಮಾಡಿ ಕೇಳ್ತೀನಿ ಇರಿ..."

"ಅವನು ತೀರ್ಕೊಂಡ" ಎಂದ ರಹಮತುಲ್ಲಾ.

ಸಣ್ಣ ದನಿಯಲ್ಲಿ ಹೇಳಿದ್ದ, ತಮಟೆಯ ಸದ್ದಿನಲ್ಲಿ ರಘುನಾಥ್‌ಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದ.

"ನನ್ನ ಮಗ ತೀರ್ಕೊಂಡ. ಸರ್ಫರಾಜ್. ಚಿಕ್ಕಜಾಲದ ಹತ್ರ. ಫೋನಲ್ಲಿ ನಿಮ್ಮ ಜೊತೆ ಮಾತಾಡಿದ್ದು ನಾನು."

ತನ್ನ ದನಿ ಬೇರೆ ಯಾರದೋ ವಿಷಯ ತಿಳಿಸುವಂತಿದೆ ಎಂದು ಅವನಿಗೆ ಅನಿಸಿತು. ರಘುನಾಥ್ ತಮಟೆಯವರತ್ತ ಕೈ ಎತ್ತಿದ. ಸದ್ದು ಒಮ್ಮೆಗೇ ನಿಲ್ಲಲಿಲ್ಲ, ಒಬ್ಬೊಬ್ಬರಾಗಿ ಬಾರಿಸುವುದನ್ನು ನಿಲ್ಲಿಸಿದರು.

ಚಿಕ್ಕಹನುಮಯ್ಯ ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು, ಕುದುರೆಯ ಬೆನ್ನಿಗೆ ಮುಖ ಹತ್ತಿರ ತಂದು ನೋಡಿದರು. ಹುಣ್ಣನ್ನು ಮುಟ್ಟದೆ ಅದರ ಸುತ್ತ ಅಂಗೈ ಇಟ್ಟು, ಬಿಸಿ ಇದೆಯೋ ಎಂದು ಪರೀಕ್ಷಿಸಿದರು.

"ಔಸ್ದಿ ಹಾಕ್ತಾ ಇದೀರಾ?"

"ದಿನಾ ಹಾಕ್ತೀನಿ."

"ಮಾಯ್ತಾ ಐತೆ. ಅಂಚು ಕೂಡ್ಕಂತಾ ಐತೆ." ಅವರು ಮೊಮ್ಮಗನಿಂದ ಕೋಲು ವಾಪಸು ತೆಗೆದುಕೊಂಡರು. "ಕತ್ತು ಬಾತ ಎತ್ತಿಗೆ ನೊಗ ಇಕ್ಕಿದ್ರೆ ನಮ್ಮಪ್ಪ ನನ್ನ ಉಣ್ಣಾಕೇ ಕೂರುಸ್ತಿರ್ಲಿಲ್ಲ. ನಡ್ಕಂಡೇ ಓಗಾನ."

"ತಾತಾ, ಫೋಟೋದವ್ರು..." ಎಂದ ನಾಗೇಶ.

"ನಡ್ಯೋ ಫೋಟೋನೇ ಇಡೀಲಿ ಬಿಡು. ಕುದ್ರೆ ಬರ್ಲಿ, ಅದರ ಪಕ್ಕದಾಗೆ ನೀನು ನಡಿ. ಸಾಬ್ರು ಆಕಡೆ ಇರ್ಲಿ."

ರಘುನಾಥ್ ಬಗ್ಗಿ ಜೀನು, ಬಟ್ಟೆಗಳನ್ನು ಎತ್ತಿಕೊಂಡು, "ಇದನ್ನ ನಾಳೆ ಮನೇಗೆ ಕಳಿಸ್ತೀನಿ" ಎಂದು ತನ್ನ ಕಾರಿನ ಕಡೆ ನಡೆದ. ತಮಟೆ ಮತ್ತೆ ಶುರುವಾಯಿತು, ಮೊದಲಿನಷ್ಟು ಜೋರಾಗಿ ಅಲ್ಲ. ಬರಿಬೆನ್ನಿನ ಬಿಳಿ ಕುದುರೆ ಮುಂದೆ, ಒಂದು ಪಕ್ಕ ಮದುವೆ ಗಂಡು, ಇನ್ನೊಂದು ಪಕ್ಕ ಲಗಾಮು ಹಿಡಿದ ರಹಮತುಲ್ಲಾ. ಬಾಲ್ಕನಿಗಳಲ್ಲಿ ನಿಂತವರು ಗಂಡನ್ನು ನೋಡುವ ಮೊದಲು ಖಾಲಿ ಬೆನ್ನನ್ನು ನೋಡುತ್ತಿದ್ದರು. ಬಸ್ಸೊಂದು ದಾರಿ ಬಿಡಲು ನಿಂತುಕೊಂಡಿತು. ಒಳಗಿದ್ದ ಮುದುಕನೊಬ್ಬ ಏನೆಂದು ತಿಳಿದನೋ, ಕಿಟಕಿಯಿಂದಲೇ ಕೈಮುಗಿದ.

ಸ್ವಲ್ಪ ದೂರ ಹೋದ ಮೇಲೆ ನಾಗೇಶ ಕುದುರೆಯ ಕತ್ತಿನ ಆಚೆಯಿಂದ ಮಾತಾಡಿದ.

"ಅಂಕಲ್, ನಾನು ನಿಮ್ಮ ಮನೇಗೆ ಬಂದಿದ್ದೆ. ನೀವು ಇರ್ಲಿಲ್ಲ. ಹತ್ತೋದು ಕಲಿಸ್ಕೊಟ್ರು ಸರ್ಫರಾಜಣ್ಣ. ನಂಗೆ ಎತ್ತರ ಅಂದ್ರೆ ಭಯ."

ರಹಮತುಲ್ಲಾ ತಲೆ ತಿರುಗಿಸಿದ.

"ಕೆಳಗೆ ನೋಡ್ಬೇಡ ಮಗಾ, ಅದರ ಎರಡು ಕಿವಿ ಮಧ್ಯೆ ರಸ್ತೆ ನೋಡು ಅಂದ್ರು. ಆಮೇಲೆ ಅವ್ರೇ ಹಾಡು ಹೇಳೋಕೆ ಶುರು ಮಾಡಿದ್ರು. ಸ್ವರ ಒಂದ್ಚೂರೂ ಇರ್ಲಿಲ್ಲ ಅಂಕಲ್. ನಕ್ಕೂ ನಕ್ಕೂ ನನ್ನ ಭಯ ಹೋಯ್ತು."

"ಹಾಡ್ತಿದ್ನಾ?" ಎಂದ ರಹಮತುಲ್ಲಾ.

"ಹ್ಞೂಂ. ಜೋರಾಗಿ."

ಮನೆಯಲ್ಲಿ ಅವನು ಹಾಡಿದ್ದನ್ನು ರಹಮತುಲ್ಲಾ ಎಂದೂ ಕೇಳಿರಲಿಲ್ಲ. ಯಾವ ಹಾಡು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಗೆಳೆಯರು ಬಂದು ನಾಗೇಶನನ್ನು ಕುಣಿಯಲು ಎಳೆದುಕೊಂಡು ಹೋದರು. ನೂರಿಯ ಪಕ್ಕದ ಜಾಗ ಖಾಲಿಯಾಯಿತು.

ಛತ್ರದ ಬಾಗಿಲಲ್ಲಿ ಚಿಕ್ಕಹನುಮಯ್ಯನವರ ಹೆಂಡತಿ ಗೌರಮ್ಮ ಮೊಮ್ಮಗನಿಗೆ ಆರತಿ ಎತ್ತಿದರು. ಸುದ್ದಿ ಆಗಲೇ ಅವರಿಗೆ ಮುಟ್ಟಿರಬೇಕು. ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟು, ಒಳಗಿನಿಂದ ಚೆಂಡುಹೂವಿನ ಹಾರ ತರಿಸಿ, ತುದಿಗಾಲಲ್ಲಿ ನಿಂತು ನೂರಿಯ ಕೊರಳಿಗೆ ಹಾಕಿದರು. "ಉಂಡ್ಕಂಡೋಗಪ್ಪ" ಎಂದರು ರಹಮತುಲ್ಲಾನಿಗೆ. ಅವನು ತಲೆಯಾಡಿಸಿದ, ಆದರೆ ನಿಲ್ಲಲಿಲ್ಲ.

ಹಿಂತಿರುಗುವಾಗ ಇಳಿಬಿಸಿಲು ಇನ್ನೂ ಇತ್ತು. ನೂರಿ ಎರಡು ಮೂರು ಸಲ ಕತ್ತು ತಿರುಚಿ ತನ್ನ ಕೊರಳಿನ ಹೂವಿಗೇ ಬಾಯಿ ಹಾಕಲು ನೋಡಿತು, ಎಟುಕಲಿಲ್ಲ. ರಹಮತುಲ್ಲಾ ರಸ್ತೆಯ ಬದಿಯ ಹೊಂಗೆಮರದ ಕೆಳಗೆ ನಿಂತ. ಹಾರದಿಂದ ಒಂದು ಹೂ ಕಿತ್ತು ಅಂಗೈಯಲ್ಲಿ ಹಿಡಿದ. ಕುದುರೆಯ ಬಿಸಿ ತುಟಿ ಕೈಯನ್ನೆಲ್ಲ ಸವರಿ ಹೂವನ್ನು ಎತ್ತಿಕೊಂಡಿತು. ಅದು ಅಗಿದು ಮುಗಿಸುವವರೆಗೆ ಕಾದು, ಅವನು ಇನ್ನೊಂದು ಹೂ ಬಿಡಿಸಿದ. ಆಮೇಲೆ ಕಟ್ಟೆಯ ಮೇಲೆ ಕೂತು ಮತ್ತೊಂದು. ವಾಹನಗಳು ಹೋಗುತ್ತಲೇ ಇದ್ದವು. ನೂರಿ ತಲೆಯನ್ನು ಅವನ ಎದೆಯ ಮಟ್ಟಕ್ಕೆ ತಗ್ಗಿಸಿ ನಿಂತಿತ್ತು, ಕೊರಳಲ್ಲಿ ದಾರ ಸ್ವಲ್ಪ ಸ್ವಲ್ಪವಾಗಿ ಬರಿದಾಗುತ್ತಿತ್ತು.