ನೂಲಿನ ನೀರಡಿಕೆ

೧೯೬೨ರಲ್ಲಿ ಅಭಯಕುಮಾರ ಶಿರೋಳದ ಕಬ್ಬಿನ ಹೊಲದಲ್ಲಿದ್ದ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು, ಇಚಲಕರಂಜಿ ಪಕ್ಕದ ಕಬನೂರಿಗೆ ಬಂದು ನಾಲ್ಕು ಹಳೆಯ ವಿದ್ಯುತ್ ಮಗ್ಗ ಹಾಕಿದ. ಬೇಸಿಗೆ ಏರಿದಂತೆ ನೂಲು ಪಟಪಟನೆ ಹರಿಯತೊಡಗಿತು. ಒಂದೆಳೆಗೆ ಗಂಟು ಹಾಕುವಷ್ಟರಲ್ಲಿ ಇನ್ನೊಂದು. ಹೆಂಡತಿ ಚಂಪಾಬಾಯಿ ಕಣ್ಣು ಮುಚ್ಚಿದರೂ ಬಿಳಿ ಎಳೆಗಳೇ ಕಾಣುತ್ತಿದ್ದವು. ಒಮ್ಮೆ ಆಕಾಶದಿಂದ ಇಳಿಬಿದ್ದ ಹಾಗೆ, ಒಮ್ಮೆ ತನ್ನ ಕೂದಲಿನಿಂದಲೇ ಹೊರಟ ಹಾಗೆ.

ಅಣ್ಣನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಅವಳು ತವರೂರು ಗಡಹಿಂಗ್ಲಜಕ್ಕೆ ಹೋದಳು. ಊಟವಾದ ಮೇಲೆ ಹೊಳೆಯ ಕಡೆಯ ಓಣಿಯಲ್ಲಿದ್ದ ಹಾಲವ್ವನನ್ನು ನೋಡಲು ನಡೆದಳು. ಹಾಲವ್ವ ನೆಲದ ಕುಣಿಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಸೀರೆ ನೇಯುವ ಮುದುಕಿ. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು; ಒಳಗೆ ಸಂಜೆಯಂಥ ತಂಪು. ಗೋಡೆಗೆ ಒರಗಿದ ಚಂಪಾಬಾಯಿ ಕೂತಲ್ಲೇ ಜೊಂಪಿಗೆ ಜಾರಿದಳು. ಹಿರಣ್ಯಕೇಶಿ ಹೊಳೆ ಹೊಸ್ತಿಲು ದಾಟಿ ಬಂದು ಮಗ್ಗದ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಹಾಲವ್ವ ಕಾಲು ಇಳಿಬಿಟ್ಟು ಹೊಳೆಯನ್ನೇ ನೇಯುತ್ತಿದ್ದಳು. ಒಂದೆಳೆಯೂ ತುಂಡಾಗಲಿಲ್ಲ.

ಎಚ್ಚರಾದಾಗ ಮುದುಕಿ ನೆಲಕ್ಕೆ ನೀರು ಚಿಮುಕಿಸುತ್ತಿದ್ದಳು.

“ನೀರ ಯಾಕ ಹಾಕಾಕತ್ತಿ, ಆಯಿ?”

“ನೂಲಿಗೂ ನೀರಡಿಕಿ ಆಗತೈತಿ, ಮಗಳ. ಒಣಗಿತಂದ್ರ ಹರೀತೈತಿ. ನಮ್ಮತ್ತಿ ಹಿಂಗ ಮಾಡತಿದ್ಲು.”

ಚಂಪಾಬಾಯಿ ಮರುದಿನವೇ ಬಸ್ಸು ಹತ್ತಿದಳು. ಮನೆಗೆ ಬಂದವಳೇ ಆಸೆಯಿಂದ ಮಗ್ಗಗಳ ಸುತ್ತ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದಳು. ನೂಲಿಗೆ ಹಚ್ಚಿದ್ದ ಗಂಜಿ ಜಿಗುಟಾಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ಅವಳು ಬಿಡಲಿಲ್ಲ. ನೀರು ಕಡಿಮೆ ಮಾಡಿದಳು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದಳು. ಕೊನೆಗೊಂದು ಮಧ್ಯಾಹ್ನ ಮಗ್ಗಗಳು ತಾಸುಗಟ್ಟಲೆ ನಿಲ್ಲದೆ ನಡೆದವು.

ಅಭಯಕುಮಾರ ಬಾಗಿಲು ಮುಚ್ಚಿದ. “ಇದನ್ನ ಯಾರ ಮುಂದೂ ಹೇಳಬ್ಯಾಡ. ಓಣ್ಯಾಗ ನಮ್ಮ ಮಗ್ಗ ಅಷ್ಟ ನಡೀಲಿ.”

“ಹಾಲವ್ವ ನನಗ ಹೇಳೂ ಮುಂದ ಹಂಗ ಅನ್ನಲಿಲ್ರಿ,” ಎಂದಳು ಚಂಪಾಬಾಯಿ. ಅವನು ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಗಂಗುಬಾಯಿ ಗಂಡನಿಲ್ಲದವಳು. ಎರಡು ಮಗ್ಗ ಇಟ್ಟುಕೊಂಡು ಮೂರು ಮಕ್ಕಳನ್ನು ಸಾಕುತ್ತಿದ್ದಳು. ಅವಳು ಬಾಗಿಲಲ್ಲಿ ನಿಂತು, “ವೈನಿ, ನಿಮ್ಮ ಮಗ್ಗ ನಿಲ್ಲೂದ ಇಲ್ಲಲ್ಲ. ನಂದು ಮುಂಜಾನಿಂದ ಸುಮ್ನ ನಿಂತೈತಿ,” ಎಂದಳು. ಚಂಪಾಬಾಯಿ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, ಒದ್ದೆ ನೆಲದ ಮೇಲೆ ಆ ಕೈ ಇರಿಸಿದಳು.

ವಾರದೊಳಗೆ ಓಣಿಯ ಕಿಟಕಿಗಳಲ್ಲೆಲ್ಲ ಗೋಣಿಚೀಲ ತೊಟ್ಟಿಕ್ಕತೊಡಗಿದವು. ಅಭಯಕುಮಾರ ಹೆಂಡತಿಯೊಡನೆ ಮಾತು ಬಿಟ್ಟ. ತಟ್ಟೆ ಮುಂದಿಟ್ಟರೆ ಉಣ್ಣುವನು, ಏಳುವನು. ಚಂಪಾಬಾಯಿಗೆ ದುಃಖವಾಗುತ್ತಿತ್ತು. ಆದರೆ ಗಂಗುಬಾಯಿಗೆ ಹೇಳಿಕೊಟ್ಟದ್ದಕ್ಕಲ್ಲ.

ಒಂದು ಸಂಜೆ ಗಂಗುಬಾಯಿಯ ತಮ್ಮ ಗುರುಸಿದ್ದ ಬೋಲ್ಟು ಬಿಗಿಯುವ ಪಾನಾ ಹಿಡಿದು ಬಂದ. ಮಗ್ಗ ರಿಪೇರಿ ಅವನ ಕಸುಬು. ಅಭಯಕುಮಾರನ ಒಂದು ಮಗ್ಗದ ಲಾಳಿ ಆಗಾಗ ಹೊರಗೆ ಹಾರುತ್ತಿತ್ತು. ಗುರುಸಿದ್ದ ಅದರ ಪಟ್ಟಿ ಬಿಗಿದು, ಹೇಗೆ ಬಿಗಿಯಬೇಕೆಂದು ತೋರಿಸಿಯೂ ಕೊಟ್ಟ.

“ಎಷ್ಟ ಕೊಡಬೇಕೋ?”

“ಏನೂ ಬ್ಯಾಡ್ರಿ. ವೈನಿ ನಮ್ಮಕ್ಕಗ ಹೇಳಿಕೊಟ್ಟಾರಲ್ಲ.”

ಅಂದು ರಾತ್ರಿ ಅಭಯಕುಮಾರ ಇನ್ನೊಂದು ರೊಟ್ಟಿ ಬಾಯಿ ಬಿಟ್ಟು ಕೇಳಿದ.

ಮಳೆಗಾಲ ಕಳೆಯಿತು. ಅಲ್ಲಿಯವರೆಗೆ ಅವನೇ ಬಟ್ಟೆಯ ಗಂಟು ಹೊತ್ತು ಇಚಲಕರಂಜಿಯ ಅಂಗಡಿಗಳ ಮುಂದೆ ಕಾಯುತ್ತಿದ್ದ. ಈಗ ಕೊಲ್ಲಾಪುರದ ವ್ಯಾಪಾರಿ ಸಾತಪ್ಪ ಓಣಿಗೇ ಬಂದ. ಎಲ್ಲರ ಬಟ್ಟೆಯ ಮೇಲೂ ಬೆರಳಾಡಿಸುತ್ತ ನಡೆದ.

“ಇಲ್ಲಿತನಕ ಯಾಕ ಬಂದ್ರಿ?” ಎಂದು ಅಭಯಕುಮಾರ ಕೇಳಿದ.

“ಒಬ್ಬರ ನಾಕ ಮಗ್ಗ ಅಂದ್ರ ಬರತಿದ್ದಿಲ್ರಿ. ಓಣಿ ತುಂಬ ಒಂದ ನಮೂನಿ ಚಲೋ ಅರಿವಿ ಸಿಗತೈತಿ ಅಂದ್ರು. ಅದಕ್ಕ ಬಂದೇನಿ.”

ಅವನ ಹಿಂದೆ ಇನ್ನೊಬ್ಬ ಬಂದ. ನೂಲಿನ ಅಂಗಡಿ ಓಣಿಗೇ ಬಂತು, ಮೂಲೆಯಲ್ಲಿ ಚಹಾದಂಗಡಿ ತೆರೆಯಿತು. ಗಂಗುಬಾಯಿ ಮೂರನೆಯ ಮಗ್ಗ ಹಾಕಿದಳು. ಅಭಯಕುಮಾರನ ಶೆಡ್ಡು ಹಿತ್ತಲವರೆಗೆ ಬೆಳೆಯಿತು.

ಮರುವರ್ಷದ ಒಂದು ಮಧ್ಯಾಹ್ನ ಗಂಡಹೆಂಡತಿ ಕಟ್ಟೆಯ ಮೇಲೆ ಕೂತಿದ್ದರು. ಓಣಿಯುದ್ದಕ್ಕೂ ಮಗ್ಗಗಳ ಸದ್ದು ಒಂದರೊಳಗೊಂದು ಬೆರೆತು, ದೂರದ ಮಳೆಯಂತೆ ಕೇಳುತ್ತಿತ್ತು.

“ಇದರಾಗ ನಮ್ಮ ಮಗ್ಗ ಯಾವುದ ಹೇಳ, ನೋಡೂಣು?” ಎಂದ ಅಭಯಕುಮಾರ.

ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು. “ತಿಳಿವಲ್ದರಿ,” ಎಂದು ನಕ್ಕಳು.

ಯಾರದೋ ಶೆಡ್ಡಿನಿಂದ ಹತ್ತಿಯ ನವಿರಾದ ಧೂಳು ತೇಲಿಬಂದು, ಬಿಸಿಲಲ್ಲಿ ಹೊಳೆಯುತ್ತ, ಇನ್ಯಾರದೋ ಬಾಗಿಲೊಳಗೆ ಹೋಯಿತು.