ಹತ್ತನೇ ಜುಲೈಯ ಫಲಕ

ಹುಲ್ಲಿಗೆ ಕ್ಷೌರ ಮಾಡುವುದರಲ್ಲಿ ವರ್ನನ್ ಕ್ಲಾಸೆನ್‌ನನ್ನು ಮೀರಿಸುವವರು ಇಡೀ ವಿಚಿಟಾ ನಗರದಲ್ಲೇ ಇರಲಿಲ್ಲ. ಇದನ್ನು ಬೇರೆ ಯಾರೂ ಹೇಳಿದ್ದಲ್ಲ, ಅವನೇ ಹೇಳಿಕೊಂಡದ್ದು. ಒಂಬತ್ತು ವರ್ಷದಿಂದ ಪ್ರತಿ ಜುಲೈಯಲ್ಲೂ ‘ಈ ತಿಂಗಳ ಅಂಗಳ’ ಎಂಬ ಫಲಕ ಅವನ ಮನೆ ಮುಂದೆಯೇ ನಿಲ್ಲುತ್ತಿತ್ತು. ಬಡಾವಣೆಯ ಅಂಗಳ ಸಮಿತಿಗೆ ಅಧ್ಯಕ್ಷ ಅವನೇ ಆಗಿದ್ದದ್ದು ಕಾಕತಾಳೀಯ ಇರಬೇಕು. ಹತ್ತು ಸಲ ಗೆದ್ದವರ ಹೆಸರನ್ನು ಬಡಾವಣೆಯ ಹೆಬ್ಬಾಗಿಲ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಕಳೆದ ಚಳಿಗಾಲದಲ್ಲಿ ನಿಯಮ ಬರೆದವನೂ ಅವನೇ. ಆ ಕಲ್ಲನ್ನು ನೆನೆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಹಾಗಾಗಿ ಮೇ ಕೊನೆಗೇ ಬೇಸಿಗೆಯ ಸಿದ್ಧತೆ ಶುರುವಾಯಿತು. ಕತ್ತರಿಸುವ ಯಂತ್ರದ ಅಲಗನ್ನು ತೀರಾ ಕೆಳಗಿಳಿಸಿ ಹುಲ್ಲನ್ನು ಒಂದೂವರೆ ಇಂಚಿಗೆ ಬೋಳಿಸಿದ. ಮೂಟೆಗಟ್ಟಲೆ ಗೊಬ್ಬರ ಚೆಲ್ಲಿದ. ಬಿಸಿಲೇರಿದ ಮೇಲೆ ಹಾಕಬೇಡಿ ಎಂದು ಮೂಟೆಯ ಮೇಲೆ ಬರೆದಿತ್ತು. ಮೂಟೆಯ ಬರಹವನ್ನೂ ಹೆಂಡತಿಯ ಮುಖವನ್ನೂ ಓದುವ ಅಭ್ಯಾಸ ಅವನಿಗಿರಲಿಲ್ಲ. ದಿನಾ ಸಂಜೆ ಹತ್ತು ನಿಮಿಷ ನೀರು ಚಿಮುಕಿಸಿ ಕೈ ತೊಳೆದುಕೊಳ್ಳುತ್ತಿದ್ದ.

ಪಕ್ಕದ ಮನೆಯ ಓಪಲ್ ಟಿಬೆಟ್ಸ್, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಹುಲ್ಲನ್ನು ಎತ್ತರಕ್ಕೆ ಬಿಟ್ಟಿದ್ದಳು. ಕತ್ತರಿಸಿದ್ದನ್ನೂ ಗುಡಿಸದೆ ಅಲ್ಲೇ ಬಿಡುವಳು. ಭಾನುವಾರ ಬೆಳಗಿನ ಜಾವ ಎರಡು ಗಂಟೆ ನೀರು ಬಿಟ್ಟು, ಆಮೇಲೆ ಮಂಡಿಯೂರಿ ಸ್ಕ್ರೂಡ್ರೈವರನ್ನು ನೆಲಕ್ಕೆ ಚುಚ್ಚುವಳು.

“ಏನ್ ಓಪಲ್, ನಿಧಿ ಹುಡುಕ್ತಿದ್ದೀಯಾ?” ಎಂದ ವರ್ನನ್.

“ನೀರು ಎಷ್ಟು ಆಳ ಇಳ್ದಿದೆ ಅಂತ ನೋಡ್ತಿದ್ದೀನಪ್ಪ. ಆರಿಂಚು ಸಲೀಸಾಗಿ ಹೋಯ್ತು. ನಿನ್ನ ಅಂಗಳಾನೂ ಒಂದ್ಸಲ ಚುಚ್ಚಿ ನೋಡು.”

“ನಂದು ಚುಚ್ಚಿ ನೋಡೋ ಅಂಗಳ ಅಲ್ಲಮ್ಮ, ನಿಂತು ನೋಡೋ ಅಂಗಳ.”

ಮರುದಿನವೇ ಅವಳಿಗೆ ಸಮಿತಿಯ ಮೊಹರಿದ್ದ ನೋಟೀಸು ಹೋಯಿತು: ಹುಲ್ಲು ನಾಲ್ಕಿಂಚು ಮೀರಿದೆ. ಓಪಲ್ ಮರದ ಅಳತೆಪಟ್ಟಿ ಹಿಡಿದೇ ಬಂದಳು.

“ಅಳೆದೆ. ಸರಿಯಾಗಿ ನಾಲ್ಕಿದೆ. ಹುಲ್ಲಿನ ನೆರಳು ಬುಡಕ್ಕೆ ಬೇಕು ಮಾರಾಯ, ನಿನ್ನ ಕಣ್ಣಿಗಲ್ಲ.”

ಜೂನ್ ನಡುವಿಗೆ ದಕ್ಷಿಣದ ಬಿಸಿಗಾಳಿ ಎದ್ದಿತು. ಒಂದೇ ವಾರದಲ್ಲಿ ವರ್ನನ್‌ನ ಹುಲ್ಲು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತು, ಅದೂ ಪಟ್ಟೆಪಟ್ಟೆಯಾಗಿ. ಗೊಬ್ಬರ ಚೆಲ್ಲುವ ತಳ್ಳುಗಾಡಿ ಎಲ್ಲೆಲ್ಲಿ ಎರಡೆರಡು ಸಲ ಓಡಿತ್ತೆಂದು ದಾರಿಹೋಕರೂ ಹೇಳಬಹುದಿತ್ತು.

“ನಿನ್ನ ನಡಿಗೇನ ಬೀದಿಯವರೆಲ್ಲ ಓದ್ತಿದ್ದಾರೆ,” ಎಂದಳು ಹೆಂಡತಿ ಮಾರ್ಲಾ.

ಜುಲೈ ಫಲಕದ ಆಯ್ಕೆಗೆ ಎರಡೇ ದಿನ ಉಳಿದಾಗ, ವರ್ನನ್ ಅಂಗಡಿಯಿಂದ ಹುಲ್ಲಿಗೆ ಬಳಿಯುವ ಹಸಿರು ಬಣ್ಣ ತಂದು ಸಿಂಪಡಿಸಿದ. ದೂರದಿಂದ ಅಂಗಳ ಬಿಲಿಯರ್ಡ್ಸ್ ಮೇಜಿನಂತೆ ಕಂಗೊಳಿಸಿತು. ಗೆಲುವು ಖಾತ್ರಿಯಾಗಿ, ಸಭೆಗೆ ಮೊದಲೇ ಫಲಕ ತಂದು ತನ್ನ ಅಂಗಳದಲ್ಲಿ ನೆಡಲು ಹೋದ. ನೆಲ ಕಲ್ಲಾಗಿತ್ತು. ಸುತ್ತಿಗೆಯಿಂದ ಇಪ್ಪತ್ತು ಏಟು ಬಿದ್ದ ಮೇಲೆ ಅದು ವಾಲಿಕೊಂಡು ನಿಂತಿತು.

ಸಮಿತಿಯ ಉಳಿದಿಬ್ಬರು ಸದಸ್ಯರು ಬಂದು, ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ನಡೆದು, ತಮ್ಮ ಬಿಳಿ ಬೂಟುಗಳನ್ನು ನೋಡಿಕೊಂಡರು. ಅಂಚೆಲ್ಲ ಹಸಿರಾಗಿತ್ತು. ಅವರು ಪಕ್ಕದ ಅಂಗಳಕ್ಕೆ ಹೋದರು. ಅಲ್ಲಿ ಬೂಟುಗಳು ಬಿಳಿಯಾಗಿಯೇ ಉಳಿದವು. ಓಪಲ್‌ಗೆ ಎರಡು ಮತ, ಅಧ್ಯಕ್ಷನಿಗೆ ಅಧ್ಯಕ್ಷನದೇ ಒಂದು.

ಗೆದ್ದವರ ಮನೆಗೆ ಫಲಕ ನೆಡುವುದು ಅಧ್ಯಕ್ಷನ ಕೆಲಸ. ವರ್ನನ್ ಅದನ್ನು ಅಲುಗಾಡಿಸಿ, ಒದ್ದು, ಕೊನೆಗೆ ಅದರ ಕಾಲು ಸೊಟ್ಟಗಾಗುವಂತೆ ಕಿತ್ತ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ಪಕ್ಕದ ಅಂಗಳಕ್ಕೆ ಹೋಗಿ ಸುತ್ತಿಗೆ ಎತ್ತಿದ.

“ಸುತ್ತಿಗೆ ಯಾಕೆ? ಕೈಯಲ್ಲೇ ಒತ್ತು,” ಎಂದಳು ಓಪಲ್.

ಒತ್ತಿದ. ಸೊಟ್ಟ ಕಾಲೂ ಸದ್ದಿಲ್ಲದೆ ಕೆಳಗಿಳಿಯಿತು. ಬೆರಳಿಗೆ ತಂಪು ಮಣ್ಣು ತಾಗಿತು. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.

“ಓಪಲ್, ಆ ಸ್ಕ್ರೂಡ್ರೈವರು,” ಎಂದು ಮೆಲ್ಲಗೆ ಕೇಳಿದ, “ಯಾವ ಅಂಗಡೀಲಿ ಸಿಗುತ್ತೆ?”

“ಎಲ್ರ ಮನೇಲೂ ಇರುತ್ತಪ್ಪ. ಸುತ್ತಿಗೆ ಇಡೋ ಡಬ್ಬದಲ್ಲೇ, ಸ್ವಲ್ಪ ಕೆಳಗೆ ಹುಡುಕು.”